ಬೆಳಗಿನ ಪಾರ್ಕಿನಲ್ಲಿ ಹೊಗೆ, ಕಲ್ಲು, ವಿಷ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು - ಯಾವ ತೊಂದರೆಗೆ ಬಂದರೂ ನಾವು ವೈದ್ಯರು ಚೀಟಿಯ ಕೊನೆಯಲ್ಲಿ ‘ದಿನಕ್ಕೆ ಅರ್ಧ ಗಂಟೆ ನಡಿಗೆ’ ಎಂದು ಬರೆಯುತ್ತೇವೆ. ಎಲ್ಲಿ ನಡೆಯಬೇಕೆಂದು ಬರೆಯುವುದಿಲ್ಲ. ರಸ್ತೆಯಲ್ಲಿ ವಾಹನಗಳ ಕಾಟ, ಬೀದಿನಾಯಿಗಳ ಭಯ. ಹೀಗಾಗಿ ಪಟ್ಟಣದ ಜನರಿಗೆ ಉಳಿದಿರುವುದು ಬಡಾವಣೆಯ ಪಾರ್ಕೊಂದೇ. ಆ ಪಾರ್ಕಿನಲ್ಲೇ ಬೆಳಗಿನ ಹೊತ್ತು ಕಾಯಿಲೆ ಹತ್ತಿಸಿಕೊಂಡು ಬರುವಂತಾದರೆ ಏನು ಮಾಡುವುದು?

ಎಲೆ ಉದುರುವ ಕಾಲದಲ್ಲಿ, ಅಂದರೆ ಜನವರಿಯಿಂದ ಮಾರ್ಚಿಯವರೆಗೆ, ‘ವಾಕಿಂಗ್ ಶುರು ಮಾಡಿದ ಮೇಲೆ ಕೆಮ್ಮು ಜಾಸ್ತಿಯಾಗಿದೆ ಡಾಕ್ಟ್ರೇ’ ಎಂದು ಹೇಳಿಕೊಂಡು ಬರುವವರು ಪ್ರತಿ ವರ್ಷವೂ ಇರುತ್ತಾರೆ. ಈ ಬಾರಿ ಬಂದವರಲ್ಲಿ ಒಬ್ಬರು 64 ವರ್ಷದ ನಿವೃತ್ತ ಶಿಕ್ಷಕಿ. ಹತ್ತು ವರ್ಷಗಳಿಂದ ಉಬ್ಬಸವಿದ್ದರೂ ಇನ್ಹೇಲರನ್ನು ತಪ್ಪದೆ ತೆಗೆದುಕೊಂಡು ಆರೋಗ್ಯವನ್ನು ಹದವಾಗಿ ಇಟ್ಟುಕೊಂಡವರು. ಅಂದು ಬೆಳಗ್ಗೆ ಆರೂವರೆಗೆ ಪಾರ್ಕಿನ ಗೇಟಿನ ಬಳಿಯೇ ತರಗೆಲೆಯ ರಾಶಿ ಉರಿಯುತ್ತಿತ್ತು. ರಾಶಿಯೊಳಗೆ ಹಾಲಿನ ಕವರು, ಚಿಪ್ಸ್ ಪೊಟ್ಟಣ, ಕಾಗದದ ಲೋಟ ಎಲ್ಲವೂ ಇದ್ದವು. ಆಕೆ ‘ಯಾಕಪ್ಪಾ ಸುಡ್ತೀಯ, ಉಸಿರು ಕಟ್ಟುತ್ತೆ’ ಎಂದು ಕೇಳಿದ್ದಕ್ಕೆ ಪಾರ್ಕಿನ ಕೆಲಸಗಾರ ‘ಆಗ್ದಿದ್ರೆ ಆ ಕಡೆ ಹೋಗಮ್ಮಾ’ ಎಂದು ಹೇಳಿ, ಹುಲ್ಲಿನ ಮೆಷಿನ್ನಿಗೆ ತಂದಿದ್ದ ಪೆಟ್ರೋಲನ್ನು ರಾಶಿಯ ಮೇಲೆ ಇನ್ನಷ್ಟು ಚಿಮುಕಿಸಿದನಂತೆ. ಆಕೆ ಹಟಕ್ಕೆ ಬಿದ್ದು ಎಂದಿನಂತೆ ಐದು ಸುತ್ತು ಮುಗಿಸಿಯೇ ಮನೆಗೆ ಹೋದರು. ಸಂಜೆಯ ಹೊತ್ತಿಗೆ ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು. ಮಗ ಆಟೋದಲ್ಲಿ ಕರೆತಂದಾಗ ನೆಬ್ಯುಲೈಜರ್, ಆಮ್ಲಜನಕ, ಸ್ಟೀರಾಯ್ಡ್ ಎಲ್ಲವೂ ಬೇಕಾದವು. ಎರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಆಗ ಆಕೆ ಮಾಡಬಹುದಾಗಿದ್ದುದು ಇಷ್ಟೇ: ಬಂದ ದಾರಿಯಲ್ಲೇ ಹಿಂದಿರುಗುವುದು. ಉಬ್ಬಸವಿರುವವರು ಹೊಗೆಯ ಮುಂದೆ ಹಟ ಮಾಡಬಾರದು.

ಹೊಗೆ ಮೇಲೇಕೆ ಹೋಗುವುದಿಲ್ಲ?

‘ಸ್ವಲ್ಪ ಎಲೆ ಸುಟ್ಟರೆ ಏನು ಮಹಾ, ಹಿಂದೆ ಹಳ್ಳಿಯಲ್ಲಿ ಬಚ್ಚಲ ಒಲೆಗೆ ತರಗೆಲೆಯನ್ನೇ ತುಂಬುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ತುಂಬುತ್ತಿದ್ದರು, ನಿಜ. ಆ ಒಲೆಯ ಮುಂದೆ ಕೂತ ಹೆಂಗಸರ ಶ್ವಾಸಕೋಶಗಳು ಏನಾದವೆಂದು ಯಾರೂ ಕೇಳಲಿಲ್ಲ, ಅಷ್ಟೇ. ಬೀಡಿ, ಸಿಗರೇಟು ಮುಟ್ಟದ ಎಷ್ಟೋ ಅಜ್ಜಿಯರಿಗೆ ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುವುದು ಈ ಒಲೆಯ ಹೊಗೆಯಿಂದಲೇ.

ಎಲೆ ಹಸಿಯಾಗಿದ್ದರೆ, ರಾಶಿ ದಟ್ಟವಾಗಿದ್ದರೆ ಸರಿಯಾಗಿ ಉರಿಯದೆ ಹೊಗೆಯಾಡುತ್ತಲೇ ಇರುತ್ತದೆ. ಹೀಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್, ಬೆಂಜೀನ್ ಮುಂತಾದ ವಿಷಾನಿಲಗಳೂ ಅತಿ ಸೂಕ್ಷ್ಮ ಕಣಗಳೂ ಹೊರಬೀಳುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಎಂದರೆ ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳನ್ನು ಹಿಡಿಯಲಾರವು. ಅವು ನೇರವಾಗಿ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತವೆ. ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ. ಹೃದಯದ ಕಾಯಿಲೆ ಇರುವವರಿಗೆ ಹೊಗೆ ಕೆಡುಕು ಎನ್ನುವುದು ಇದೇ ಕಾರಣಕ್ಕೆ. ಈ ಕಣಗಳು ಒಂದು ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಜೊತೆಗೆ ಪ್ಲಾಸ್ಟಿಕ್ ಸುಟ್ಟರೆ, ಅದರಲ್ಲೂ ಪಿ.ವಿ.ಸಿ. ಸುಟ್ಟರೆ, ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ.

ಚಳಿಗಾಲದ ಬೆಳಗಿನಲ್ಲಿ ಇನ್ನೊಂದು ತೊಂದರೆಯಿದೆ. ರಾತ್ರಿ ನೆಲ ತಣ್ಣಗಾಗಿ, ಅದಕ್ಕಂಟಿದ ಗಾಳಿಯೂ ತಣ್ಣಗಾಗಿರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂತಿರುತ್ತದೆ. ಹೊಗೆ ಆ ಮುಚ್ಚಳವನ್ನು ದಾಟಲಾರದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಬಿಸಿಲೇರಿದ ಮೇಲಷ್ಟೇ ಅದು ಚದುರುವುದು. ನಾವು ನಡೆಯುವುದು ಇದೇ ಹೊತ್ತಿನಲ್ಲಿ. ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುವ ಮನುಷ್ಯ ಬಿರುಸಾಗಿ ನಡೆಯುವಾಗ ಅದರ ಮೂರು ನಾಲ್ಕು ಪಟ್ಟು ಎಳೆದುಕೊಳ್ಳುತ್ತಾನೆ. ಏದುಸಿರು ಬಂದಾಗ ಬಾಯಿಂದಲೂ ಉಸಿರಾಡುವುದರಿಂದ ಮೂಗಿನ ಜರಡಿಯೂ ತಪ್ಪಿಹೋಗುತ್ತದೆ. ಒದ್ದೆ ಕರ್ಚೀಫು ಕಟ್ಟಿಕೊಂಡರೆ ಸಮಾಧಾನ ಸಿಗಬಹುದು, ಆದರೆ ಸೂಕ್ಷ್ಮ ಕಣ ನಿಲ್ಲುವುದಿಲ್ಲ.

ಪೊರಕೆಯ ಧೂಳಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಒಣನೆಲವನ್ನು ಉದ್ದ ಕಡ್ಡಿಪೊರಕೆಯಿಂದ ಬೀಸಿ ಗುಡಿಸಿದರೆ ಎದ್ದ ಧೂಳು ಬಹಳ ಹೊತ್ತು ಗಾಳಿಯಲ್ಲೇ ತೇಲುತ್ತದೆ. ಪಾರಿವಾಳಗಳಿಗೆ ಕಾಳು ಹಾಕುವ ಜಾಗದಲ್ಲಿ ಈ ಧೂಳಿನ ಜೊತೆ ಒಣಗಿದ ಹಿಕ್ಕೆಯ ಪುಡಿಯೂ ಸೇರಿರುತ್ತದೆ. ಅದನ್ನು ತಿಂಗಳುಗಟ್ಟಲೆ ಉಸಿರಾಡಿದ ಕೆಲವರಲ್ಲಿ ಅಲರ್ಜಿಯಿಂದ ಶ್ವಾಸಕೋಶವೇ ಗಟ್ಟಿಯಾಗಿಬಿಡುತ್ತದೆ. ಗುಡಿಸುವ ಮೊದಲು ಒಂದಿಷ್ಟು ನೀರು ಚಿಮುಕಿಸುವುದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಾರ್ಕಿನಲ್ಲಿ ಮಾತ್ರ ಅದು ಮರೆತುಹೋಗುತ್ತದೆ.

ಹುಲ್ಲು ಹೊಡೆಯುವ ಮೆಷಿನ್

ಶಿಕ್ಷಕಿ ಆಸ್ಪತ್ರೆಯಿಂದ ಮನೆಗೆ ಹೋದ ಎರಡನೇ ವಾರ, ಭಾನುವಾರ, ಒಂಬತ್ತು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಎತ್ತಿಕೊಂಡು ಬಂದರು. ಅಂಗಿಯೆಲ್ಲ ರಕ್ತ. ಅದೇ ಪಾರ್ಕು, ಅದೇ ಕೆಲಸಗಾರ. ಹೆಗಲಿಗೆ ನೇತುಹಾಕಿಕೊಂಡ ಮೆಷಿನ್ನಿನಿಂದ ಜಾರುಬಂಡೆಯ ಸುತ್ತ ಹುಲ್ಲು ಹೊಡೆಯುತ್ತಿದ್ದ. ಮಕ್ಕಳು ಇಪ್ಪತ್ತು ಅಡಿ ದೂರದಲ್ಲಿ ಸಾಲಾಗಿ ನಿಂತಿದ್ದರು. ಜಲ್ಲಿಕಲ್ಲಿನ ಚೂರೊಂದು ಹಾರಿ ಹುಡುಗನ ಕೆನ್ನೆಯ ಮೂಳೆಗೆ ಬಡಿಯಿತು. ಕಣ್ಣಿನಿಂದ ಒಂದು ಬೆರಳಷ್ಟು ಕೆಳಗೆ. ಮೂರು ಹೊಲಿಗೆಯಲ್ಲಿ ಮುಗಿಯಿತು. ಬೆರಳಷ್ಟು ಮೇಲೆ ಬಿದ್ದಿದ್ದರೆ ನಾನು ಹೊಲಿಗೆ ಹಾಕುವ ಪ್ರಶ್ನೆಯೇ ಇರಲಿಲ್ಲ.

ಇಪ್ಪತ್ತು ಅಡಿ ಸಾಲದೇ ಎಂದು ತಂದೆ ಕೇಳಿದರು. ಸಾಲದು. ಈ ಯಂತ್ರದ ಅಲಗು ಅಥವಾ ನೈಲಾನ್ ದಾರ ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ. ಒಂದು ಅಡಿ ಅಡ್ಡಳತೆಯ ಅಲಗು ಏಳು ಸಾವಿರ ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 400 ಕಿಲೋಮೀಟರ್. ಆ ತುದಿಗೆ ಕಲ್ಲು, ಬಾಟಲಿ ಚೂರು, ಮೊಳೆ ಸಿಕ್ಕಿದರೆ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಯಂತ್ರದ ತಯಾರಕರೇ ತಮ್ಮ ಕೈಪಿಡಿಗಳಲ್ಲಿ ಸುತ್ತ 15 ಮೀಟರ್, ಅಂದರೆ ಐವತ್ತು ಅಡಿ, ಯಾರೂ ಇರಬಾರದು ಎಂದು ಮುದ್ರಿಸುತ್ತಾರೆ. ಅಲಗಿನ ಹಿಂಬದಿಗೆ ಇರಬೇಕಾದ ರಕ್ಷಾಕವಚವನ್ನು ‘ಹುಲ್ಲು ಸಿಕ್ಕಿಕೊಳ್ಳುತ್ತದೆ’ ಎಂದು ಬಿಚ್ಚಿಟ್ಟಿರುವುದನ್ನು ನೀವೂ ನೋಡಿರಬಹುದು. ಹೊಡೆಯುವ ಮೊದಲು ನೆಲದ ಕಲ್ಲು, ಗಾಜು ಆಯುವವರಂತೂ ವಿರಳ.

ಕಣ್ಣಿಗೇ ಪೆಟ್ಟು ಬಿದ್ದರೆ ಆ ಕ್ಷಣದಲ್ಲಿ ಏನು ಮಾಡಬೇಕು? ಉಜ್ಜಬೇಡಿ, ಒತ್ತಬೇಡಿ. ಕಣ್ಣೊಳಗೆ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಬರೀ ಧೂಳು ಬಿದ್ದಿದ್ದರೆ ಶುದ್ಧ ನೀರಿನಲ್ಲಿ ತೊಳೆಯಬಹುದು, ಆದರೆ ರಭಸದಿಂದ ಏನೋ ಬಡಿದಿದ್ದರೆ ತೊಳೆಯುವುದೂ ಬೇಡ. ಎದೆಹಾಲು, ಹರಳೆಣ್ಣೆ, ತುಪ್ಪ, ಜೇನು ಇವುಗಳನ್ನು ಹತ್ತಿರಕ್ಕೂ ತರಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿನ ಮೇಲೆ ಬೋರಲಾಗಿ, ಕಣ್ಣುಗುಡ್ಡೆಗೆ ತಾಗದಂತೆ ಇಟ್ಟು ಅಂಟುಪಟ್ಟಿ ಹಾಕಿ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನವರಿಗೆ ಮಿಂಟೊ ಆಸ್ಪತ್ರೆ ಗೊತ್ತೇ ಇದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಕಾಫಿ, ತಿಂಡಿ ಕೊಡಬೇಡಿ. ಅಲಗಿನಿಂದ ಸಿಡಿದ ಕಬ್ಬಿಣದ ಚೂರು ಹೊಕ್ಕ ಗಾಯ ಕೆಲವೊಮ್ಮೆ ಸೂಜಿಮೊನೆಯಷ್ಟಿದ್ದು ನೋವೂ ಇರುವುದಿಲ್ಲ. ‘ಸರಿಹೋಯಿತು’ ಎಂದು ಸುಮ್ಮನಿದ್ದರೆ ಒಳಗೆ ಉಳಿದ ಕಬ್ಬಿಣ ತುಕ್ಕು ಹಿಡಿದು ತಿಂಗಳುಗಳ ನಂತರ ದೃಷ್ಟಿಯನ್ನೇ ತೆಗೆಯುತ್ತದೆ.

ಮೆಡಿಕಲ್ ಶಾಪಿನ ಕಣ್ಣಿನ ಹನಿ

ಆ ಪಾರ್ಕಿನಿಂದ ಬಂದ ಮೂರನೆಯ ರೋಗಿ ಆ ಕೆಲಸಗಾರನೇ. ಹುಡುಗನಿಗೆ ಪೆಟ್ಟಾದ ಮೇಲೆ ಬಡಾವಣೆಯವರು ಆತನನ್ನು ಸಾಕಷ್ಟು ಬೈದಿದ್ದರು. ಅದಾದ ಕೆಲವು ದಿನಗಳಿಗೆ ಬಲಗಣ್ಣಿಗೆ ಟವೆಲ್ ಒತ್ತಿಕೊಂಡು ಬಂದ. ಹುಲ್ಲಿನ ಚೂರು ಸಿಡಿದು ಐದು ದಿನವಾಗಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಹನಿ ಔಷಧ ತಂದು ಹಾಕಿಕೊಂಡಿದ್ದ. ಎರಡು ದಿನ ಕೆಂಪು ಇಳಿಯಿತು, ಆಮೇಲೆ ನೋವು ಹೆಚ್ಚಿತು, ಬೆಳಕು ನೋಡಲಾಗದಾಯಿತು. ಟಾರ್ಚ್ ಹಾಕಿ ನೋಡಿದರೆ ಕರಿಗುಡ್ಡೆಯ ಮೇಲೆ ಬೂದುಬಿಳಿ ಚುಕ್ಕೆ, ಅದರ ಅಂಚು ಹಕ್ಕಿಗರಿಯಂತೆ ಹರಡಿತ್ತು. ಆತ ತಂದಿದ್ದ ಸೀಸೆಯಲ್ಲಿ ಇದ್ದದ್ದು ಸ್ಟೀರಾಯ್ಡ್.

ಇದನ್ನು ಓದುಗರು ಗಮನವಿಟ್ಟು ತಿಳಿದುಕೊಳ್ಳಬೇಕು. ಹುಲ್ಲು, ಎಲೆ, ಭತ್ತದ ಗರಿ, ಕಬ್ಬಿನ ಸೋಗೆ ಇಂಥವುಗಳಿಂದ ಕಣ್ಣಿನ ಕಾರ್ನಿಯಾ ಗೀರಿದರೆ ಅಲ್ಲಿ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೋಂಕು, ಬೇರೂರಬಹುದು. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಹೊಲದಲ್ಲಿ ದುಡಿಯುವವರಿಗೆ, ತೋಟದ ಕೆಲಸದವರಿಗೆ ಬರುವುದೇ ಹೆಚ್ಚು. ಸ್ಟೀರಾಯ್ಡ್ ಹನಿ ಕಣ್ಣಿನ ಕೆಂಪನ್ನು ಇಳಿಸಿ ಗುಣವಾದಂತೆ ತೋರಿಸುತ್ತದೆ. ಆದರೆ ಶಿಲೀಂಧ್ರವನ್ನು ತಡೆಯುವ ದೇಹದ ಶಕ್ತಿಯನ್ನೂ ಕುಗ್ಗಿಸುವುದರಿಂದ ಸೋಂಕು ಒಳಗೊಳಗೇ ಆಳಕ್ಕೆ ಇಳಿಯುತ್ತದೆ. ನಂತರ ನಾಟಮೈಸಿನ್ ಎಂಬ ಹನಿಯನ್ನು ಮೊದಮೊದಲು ಗಂಟೆಗೊಮ್ಮೆ ಎಂಬಂತೆ ವಾರಗಟ್ಟಲೆ ಹಾಕಬೇಕು. ಆದರೂ ಬಿಳಿ ಕಲೆ ಉಳಿಯಬಹುದು, ಕಾರ್ನಿಯಾ ಕಸಿಯೇ ಬೇಕಾಗಬಹುದು. ಆತನನ್ನು ಆ ದಿನವೇ ಕಣ್ಣಿನ ಆಸ್ಪತ್ರೆಗೆ ಕಳುಹಿಸಿದೆ. ಹುಣ್ಣು ಒಣಗಿದೆ, ಆದರೆ ಆ ಕಣ್ಣಿಗೆ ಮುಖಗಳು ಗುರುತು ಸಿಗುವುದಿಲ್ಲ.

ರಕ್ಷಣೆಯ ಕನ್ನಡಕ ಏಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದೆ. ‘ಕೊಟ್ಟವ್ರೆ ಸಾರ್. ಬೆವರಿಗೆ ಮಂಜು ಕಟ್ತದೆ, ಏನೂ ಕಾಣಲ್ಲ’ ಎಂದ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇಂಥ ಕೆಲಸಕ್ಕೆಂದೇ ಮುಖದ ಮುಂದೆ ಇಳಿಬಿಡುವ ತಂತಿಬಲೆಯ ಕವಚ ಸಿಗುತ್ತದೆ. ಅದಕ್ಕೆ ಮಂಜು ಕಟ್ಟುವುದಿಲ್ಲ. ಅದರ ಒಳಗೆ ಗಾಳಿಯಾಡುವ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಕೊಂಡರೆ ಧೂಳೂ ತಪ್ಪುತ್ತದೆ. ಸಾಮಾನ್ಯ ಗಾಜಿನ ಕನ್ನಡಕ ಒಡೆದು ಕಣ್ಣಿಗೇ ಚುಚ್ಚೀತು, ಅದು ಬೇಡ.

ಕಿವಿಯದೂ ಇದೇ ಕತೆ. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 97 ಡೆಸಿಬೆಲ್ಲಿಗೆ ಅರ್ಧ ಗಂಟೆ ಮಾತ್ರ. ಪೆಟ್ರೋಲ್ ಮೆಷಿನ್ನುಗಳ ಸದ್ದು ಹಿಡಿದವನ ಕಿವಿಯ ಹತ್ತಿರ ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ‘ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ, ಸೊಕ್ಕು’ ಎಂದು ವಾಕಿಂಗಿನವರು ದೂರುತ್ತಾರೆ. ಸೊಕ್ಕಿನ ಜೊತೆಗೆ ಕಿವುಡೂ ಸೇರಿರಬಹುದು. ಓಡುತ್ತಿರುವ ಮೆಷಿನ್ನಿನ ಹಿಂದಿನಿಂದ ಹೋಗಿ ಎಂದೂ ಬೆನ್ನು ತಟ್ಟಬೇಡಿ. ಆತ ಗಾಬರಿಯಿಂದ ತಿರುಗಿದರೆ ಅಲಗೂ ನಿಮ್ಮ ಕಾಲಿನ ಕಡೆಗೆ ತಿರುಗುತ್ತದೆ. ದೂರದಿಂದ ಎದುರಿಗೆ ನಿಂತು ಕೈ ಮಾಡಿ.

ಕಾಂಗ್ರೆಸ್ ಗಿಡದ ಬಗ್ಗೆ ಒಂದು ಮಾತು. ಹೂಬಿಟ್ಟ ಪಾರ್ಥೇನಿಯಮ್ಮನ್ನು ಮೆಷಿನ್ನಿನಿಂದ ಪುಡಿ ಮಾಡಿದರೆ ಅದರ ಚೂರು, ಪರಾಗ ಎಲ್ಲವೂ ಗಾಳಿಗೆ ಏರುತ್ತವೆ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆಯಿಂದ ಚರ್ಮ ದಪ್ಪಗಾಗಿ ಕಪ್ಪಾಗುವ ರೋಗ ಬಂದರೆ ವರ್ಷಗಟ್ಟಲೆ ಬಿಡುವುದಿಲ್ಲ. ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳುವುದೇ ಸರಿಯಾದ ಕ್ರಮ.

ಯಾರನ್ನು ಕೇಳಬೇಕು?

ಬೆಳಗ್ಗೆ ಜನರಿರುವ ಹೊತ್ತಿನಲ್ಲೇ ಇದೆಲ್ಲ ಏಕೆ ಎಂದು ಆತನನ್ನೇ ಕೇಳಿದೆ. ‘ಎಂಟು ಗಂಟೆಗೆ ಸೂಪರ್‌ವೈಸರ್ ಬಂದು ಫೋಟೋ ತೆಗೀತಾರೆ ಸಾರ್. ಅಷ್ಟೊತ್ತಿಗೆ ಒಂದ್ ಎಲೆ ಕಾಣ್ಬಾರ್ದು. ಗಾಡಿ ವಾರಕ್ಕೊಂದ್ ಸಲ ಬರ್ತದೆ, ಎಲೆ ಎಲ್ಲಿ ಹಾಕ್ಲಿ?’ ಎಂದ. ಆತ ಶಿಕ್ಷಕಿಗೆ ಹೇಳಿದ ಮಾತು ಒರಟು, ಪೆಟ್ರೋಲ್ ಸುರಿದದ್ದು ಅಪಾಯ. ಪೆಟ್ರೋಲಿನ ಆವಿಗೆ ಬೆಂಕಿ ತಗುಲಿ ಮುಖ, ಕೈ ಸುಟ್ಟುಕೊಂಡು ಬಂದವರನ್ನು ನಾವು ನೋಡಿದ್ದೇವೆ. ಮಕ್ಕಳ ಪಕ್ಕದಲ್ಲಿ ಮೆಷಿನ್ ಓಡಿಸಿದ್ದಕ್ಕಂತೂ ಸಮಜಾಯಿಷಿ ಇಲ್ಲ. ಆದರೆ ಗುತ್ತಿಗೆಯ ದಿನಗೂಲಿಯವನಿಗೆ ಎಂಟು ಗಂಟೆಯ ಗಡುವು ಹಾಕಿದವರು ಬೇರೆಯವರು. ಆತನ ಮೇಲೆ ಕೂಗಾಡಿ ಮನೆಗೆ ಹೋದರೆ ಮರುದಿನ ಮತ್ತೆ ಅದೇ ಹೊಗೆ.

ದೂರು ಬರೆಯುವುದಾದರೆ ಗುತ್ತಿಗೆದಾರರ ಮತ್ತು ಪಾಲಿಕೆಯ ತೋಟಗಾರಿಕೆ ವಿಭಾಗದ ಹೆಸರಿಗೆ ಬರೆಯಿರಿ. ಬರೆಯುವಾಗ ಕಾನೂನಿನ ಆಧಾರ ನಿಮಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಎಂದು ಆದೇಶಿಸಿತು. ಕೇಳಬೇಕಾದ್ದೂ ಹೆಚ್ಚೇನಿಲ್ಲ. ಹುಲ್ಲು ಹೊಡೆಯುವುದು ಬೆಳಗ್ಗೆ ಹತ್ತರ ನಂತರ, ಆ ಭಾಗಕ್ಕೆ ಹಗ್ಗ ಕಟ್ಟಿ. ಮಧ್ಯಾಹ್ನ ಮುಚ್ಚುವ ಪಾರ್ಕಾದರೆ ಆ ಹೊತ್ತೇ ಸರಿ. ಎಲೆಗೆ ಪಾರ್ಕಿನ ಮೂಲೆಯಲ್ಲೇ ತಂತಿಬಲೆಯ ಗೂಡು ಅಥವಾ ಗುಂಡಿ. ಆಗಾಗ ನೀರು, ಸ್ವಲ್ಪ ಸಗಣಿ ನೀರು ಹಾಕಿ ತಿರುವುತ್ತಿದ್ದರೆ ಕೆಲವು ತಿಂಗಳಲ್ಲಿ ಗೊಬ್ಬರ. ಬಡಾವಣೆಯವರು ಚಿಪ್ಸ್ ಪೊಟ್ಟಣ, ಜೋಳದ ತೆನೆಯ ದಿಂಡು ಎಸೆಯುವುದನ್ನು ನಿಲ್ಲಿಸಿದರೆ ಗೊಬ್ಬರವೂ ಚೆನ್ನಾಗಿ ಆಗುತ್ತದೆ. ಈ ಪಾರ್ಕಿನಲ್ಲಿ ಹುಡುಗನ ತಂದೆಯೂ ಶಿಕ್ಷಕಿಯೂ ಸೇರಿ ಇಂಥದೊಂದು ಪತ್ರ ಬರೆದರು. ಫೋಟೋ ತೆಗೆಯುವ ಸಮಯ ಈಗ ಹನ್ನೊಂದಕ್ಕೆ ಹೋಗಿದೆ. ಗೂಡು ಇನ್ನೂ ಬಂದಿಲ್ಲ.

ಬೆನ್ನಿಗೆ ಕಟ್ಟಿದ ಪಂಪು

ಹೊಗೆ ಕಣ್ಣಿಗೆ ಕಾಣುತ್ತದೆ, ಮೆಷಿನ್ ಕಿವಿಗೆ ಕೇಳುತ್ತದೆ. ಗಿಡಗಳಿಗೆ ಹೊಡೆಯುವ ಕೀಟನಾಶಕ ಎರಡೂ ಅಲ್ಲ. ಇದರಲ್ಲಿ ಅನೇಕವು ಆರ್ಗನೋಫಾಸ್ಫರಸ್ ಜಾತಿಯವು. ನರಗಳ ಸಂದೇಶವನ್ನು ಹತೋಟಿಯಲ್ಲಿಡುವ ಒಂದು ಕಿಣ್ವವನ್ನು ಇವು ಕಟ್ಟಿಹಾಕುತ್ತವೆ. ಬಾಯಿಗೆ ಹೋಗಬೇಕೆಂದಿಲ್ಲ, ಉಸಿರಿನಿಂದಲೂ ಚರ್ಮದಿಂದಲೂ ದೇಹಕ್ಕೆ ಇಳಿಯುತ್ತವೆ. ಮಹಾರಾಷ್ಟ್ರದ ಯವತ್ಮಾಲ್ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದ ರೈತರು, ಕೂಲಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಪಾರ್ಕಿನಲ್ಲಿ ಬಳಸುವ ಪ್ರಮಾಣ ಕಡಿಮೆ, ಒಪ್ಪೋಣ. ಆದರೆ ಅಲ್ಲಿ ಹುಲ್ಲಿನ ಮೇಲೆ ಮಕ್ಕಳು ಉರುಳಾಡುತ್ತಾರೆ, ಹಿರಿಯರು ಬರಿಗಾಲಲ್ಲಿ ನಡೆಯುತ್ತಾರೆ. ಸಿಂಪಡಿಸಿದ ದಿನ ಬೋರ್ಡು ಹಾಕಿ ಆ ಭಾಗವನ್ನು ಮುಚ್ಚಬೇಕು, ಗಾಳಿ ಬೀಸುವಾಗ ಹೊಡೆಯಬಾರದು. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿದರೆ ವಿಷದ ತೀವ್ರತೆ ತಿಳಿಯುತ್ತದೆ: ಕೆಂಪು ಅತಿ ಘೋರ, ನಂತರ ಹಳದಿ, ನೀಲಿ, ಹಸಿರು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಮಿಕ್ಕ ಔಷಧವನ್ನು ತುಂಬಿಡುವ ನೀರಿನ ಬಾಟಲಿ. ಪಾರ್ಕಿನ ಪಂಪ್‌ಹೌಸಿನಲ್ಲಿ, ಕಲ್ಲುಬೆಂಚಿನ ಕೆಳಗೆ ಇಂಥವನ್ನು ನೋಡಿದ್ದೇನೆ. ಕಳೆನಾಶಕ ಪ್ಯಾರಾಕ್ವಾಟ್ ಒಂದೆರಡು ಗುಟುಕು ಹೊಟ್ಟೆಗೆ ಹೋದರೂ ಸಾಕು, ಶ್ವಾಸಕೋಶ ಕ್ರಮೇಣ ಗಟ್ಟಿಯಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಕುಡಿಯುವ ನೀರಿನ ಬಾಟಲಿಯಲ್ಲಿ ಬಣ್ಣದ ದ್ರವ ಕಂಡರೆ ಮೂಸಿ ನೋಡಲೂ ಹೋಗದೆ ಕೆಲಸಗಾರನಿಗೆ ತಿಳಿಸಿ ಬೀಗದೊಳಗೆ ಇಡಿಸಿ.

ಸಿಂಪಡಿಸಿದ ಜಾಗದಲ್ಲಿ ಆಡಿದ ಮಗುವಿಗೆ ಅಥವಾ ಸಿಂಪಡಿಸಿದವನಿಗೇ ಅತಿಯಾದ ಬೆವರು, ಜೊಲ್ಲು, ವಾಂತಿ, ಭೇದಿ, ಮಂಜುಗಣ್ಣು, ಮಾಂಸಖಂಡಗಳ ಅದುರುವಿಕೆ ಕಂಡರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ, ತಡಮಾಡಬೇಡಿ. ಬಟ್ಟೆ ಬಿಚ್ಚಿ, ನೀವು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು, ಸೋಪು ನೀರಿನಿಂದ ತಲೆಗೂದಲು ಸಮೇತ ಚೆನ್ನಾಗಿ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ಮೊಟ್ಟೆ ಬೇಡ. ಪ್ರಜ್ಞೆ ತಪ್ಪುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಔಷಧದ ಡಬ್ಬವನ್ನು ಚೀಟಿ ಹರಿಯದಂತೆ ಆಸ್ಪತ್ರೆಗೆ ಜೊತೆಯಲ್ಲೇ ತನ್ನಿ. ಒಳಗಿನ ವಿಷ ಯಾವುದೆಂದು ಗೊತ್ತಾದರೆ ಅಟ್ರೋಪಿನ್ ಕೊಡಬೇಕೋ ಬೇರೆ ಚಿಕಿತ್ಸೆಯೋ ಎಂದು ಅಲ್ಲಿನ ವೈದ್ಯರಿಗೆ ಬೇಗ ತೀರ್ಮಾನಿಸಲು ಆಗುತ್ತದೆ.